ಎಂಟು ದಿರ್ಹಮಿನ ಲೆಕ್ಕ ಕೇಳುವವರು ಯಾರು?



ದುಬೈಯಲ್ಲೋ ಶಾರ್ಜಾದಲ್ಲೋ ದುಡಿಯುವ ನಮ್ಮವನೊಬ್ಬ ಪಾಸ್‌ಪೋರ್ಟನ್ನು ಹೊಸದು ಮಾಡಿಸಲು ಹೋದರೆ ಅವನ ಕೈಗೆ ಬರುವ ರಶೀದಿಯನ್ನು ಒಮ್ಮೆ ಬಿಡಿಸಿ ಓದಿ ನೋಡಿ. ಪಾಸ್‌ಪೋರ್ಟಿನ ಫೀಸು ಒಂದು ಸಾಲು. ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪೆನಿಯ ಫೀಸು ಇನ್ನೊಂದು ಸಾಲು. ಇವೆರಡರ ಜೊತೆಗೆ ಎಂಟು ದಿರ್ಹಮಿನ ಮೂರನೆಯ ಸಾಲೊಂದು ವರ್ಷಗಟ್ಟಲೆ ನಡೆದುಬಂದಿದೆ. ಎಂಟು ದಿರ್ಹಮ್ ಅಂದರೆ ಬಿಸಿಲಿನಲ್ಲಿ ನಿಂತು ಕಬ್ಬಿಣ ಕಟ್ಟುವವನಿಗೆ ಒಂದು ಹೊತ್ತಿನ ಊಟದ ದುಡ್ಡು. ಹೆಚ್ಚಿನವರು ಆ ಸಾಲನ್ನು ಓದುವುದಿಲ್ಲ. ಓದಿದವರು ಕೇಳುವುದಿಲ್ಲ. ಕೇಳಿದವರಿಗೆ “ಅದು ಎಂಬೆಸಿಗೆ ಹೋಗುವುದು” ಎಂಬಷ್ಟೇ ಉತ್ತರ.

ಎಂಬೆಸಿಗೆ ಹೋಗುವುದು ಸರಿ. ಎಂಬೆಸಿಯಿಂದ ಎಲ್ಲಿಗೆ ಹೋಗುತ್ತದೆ? ಅದನ್ನು ಯಾರು ಎಣಿಸುತ್ತಾರೆ? ಎಣಿಸಿದವರು ಯಾರಿಗೆ ಹೇಳುತ್ತಾರೆ?

ಆ ದುಡ್ಡಿಗೆ ಒಂದು ಹೆಸರಿದೆ. ಭಾರತೀಯ ಸಮುದಾಯ ಕಲ್ಯಾಣ ನಿಧಿ. 2009ರಲ್ಲಿ ಆಗಿನ ಅನಿವಾಸಿ ಭಾರತೀಯರ ವ್ಯವಹಾರಗಳ ಮಂತ್ರಾಲಯ ಇದನ್ನು ಆರಂಭಿಸಿತು. (2004ರಲ್ಲಿ ಹುಟ್ಟಿದ ಆ ಮಂತ್ರಾಲಯವನ್ನು 2016ರಲ್ಲಿ ವಿದೇಶಾಂಗ ಮಂತ್ರಾಲಯದೊಳಗೆ ಸೇರಿಸಿಬಿಟ್ಟರು, ದುಡಿಯುವವರ ಹೆಸರಿನಲ್ಲಿದ್ದ ಬಾಗಿಲೊಂದು ಹಾಗೆ ಮುಚ್ಚಿತು.) ಮೊದಲು ಗಲ್ಫಿನಂಥ, ಎಮಿಗ್ರೇಷನ್ ಅನುಮತಿ ಬೇಕಾದ ದೇಶಗಳಲ್ಲಿ, ಅನಂತರ ನಮ್ಮ ಎಲ್ಲ ರಾಯಭಾರ ಕಚೇರಿಗಳಲ್ಲಿ ಈ ನಿಧಿ ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ. ಸಂಬಳ ಸಿಗದೆ ಬೀದಿಗೆ ಬಿದ್ದವನಿಗೆ ಊಟ ಮತ್ತು ವಸತಿ, ಊರಿಗೆ ಬರಲು ವಿಮಾನದ ಟಿಕೆಟು, ಆಸ್ಪತ್ರೆಯ ಖರ್ಚು, ಕೋರ್ಟಿನಲ್ಲಿ ವಕೀಲ, ಸತ್ತವನ ಶವವನ್ನು ಮನೆಗೆ ಕಳುಹಿಸುವ ವೆಚ್ಚ, ಇವೆಲ್ಲ ಈ ನಿಧಿಯಿಂದ ಆಗಬೇಕು. ಸರಕಾರ ಆರಂಭದಲ್ಲಿ ಸ್ವಲ್ಪ ಕೈಹಿಡಿಯಿತು. ಮುಖ್ಯ ಆದಾಯ ಮಾತ್ರ ರಶೀದಿಯ ಆ ಸಾಲಿನಿಂದಲೇ. ಅಂದರೆ ದುಡಿಯುವವನು ತನ್ನ ಕಷ್ಟಕಾಲಕ್ಕೆ ತಾನೇ ಕಟ್ಟಿದ ಚೀಟಿ ಇದು, ಯಾರ ದಾನವೂ ಅಲ್ಲ.

ಹಳ್ಳಿಯಲ್ಲಿ ಚೀಟಿ ಹಾಕುವ ಹೆಂಗಸರು ತಿಂಗಳ ಕೊನೆಗೆ ಜಗಲಿಯಲ್ಲಿ ಕೂತು ಲೆಕ್ಕ ಓದುತ್ತಾರೆ. ಹಾಲಿನ ಸೊಸೈಟಿಯಲ್ಲಿ ಮಹಾಸಭೆ ನಡೆಯುತ್ತದೆ, ಜಗಳವೂ ಆಗುತ್ತದೆ. ನಮ್ಮ ಸಭೆಗಳಲ್ಲಿ ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಓದದಿದ್ದರೆ ಖಜಾಂಚಿಗೆ ಮುಖ ತೋರಿಸಲು ಸಾಧ್ಯವೇ? ಆದರೆ ಗಲ್ಫಿನ ಆರು ದೇಶಗಳಲ್ಲಿರುವ ಸುಮಾರು 90 ಲಕ್ಷ ಭಾರತೀಯರು ಕಟ್ಟುವ ಈ ದುಡ್ಡಿನ ಲೆಕ್ಕವನ್ನು ಕಟ್ಟಿದವರ ಮುಂದೆ, ಕಟ್ಟಿದವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳುವ ಕ್ರಮವೇ ಇಲ್ಲ.

ಈ ಮಾತೆತ್ತಿದ ಕೂಡಲೆ ತಿಳಿದವರೆನ್ನಿಸಿಕೊಂಡವರು ಒಂದು ಉತ್ತರ ಕೊಡುತ್ತಾರೆ: ರಾಯಭಾರ ಕಚೇರಿಯ ಲೆಕ್ಕ ದೇಶದ ಮಾನದ ವಿಷಯ, ಅದನ್ನು ಬೀದಿಯಲ್ಲಿ ಕೇಳಬಾರದು, ಕೇಳಲು ದೊಡ್ಡ ದೊಡ್ಡ ಅಧಿಕಾರಿಗಳಿದ್ದಾರೆ ಎಂದು. ನನಗೆ ಈ ವಾದ ಒಂದಿಷ್ಟೂ ಒಪ್ಪಿಗೆಯಿಲ್ಲ. ದೇಶದ ಮಾನ ಇರುವುದು ರಾಯಭಾರಿಯ ಕಾರಿನ ಮುಂದೆ ಹಾರುವ ಬಾವುಟದಲ್ಲಿ ಮಾತ್ರವಲ್ಲ. ಲೇಬರ್ ಕ್ಯಾಂಪಿನಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ಕುಬ್ಬೂಸ್ ನೀರಿನಲ್ಲಿ ಅದ್ದಿ ತಿನ್ನುವವನ ಪಾಸ್‌ಪೋರ್ಟಿನ ಮೇಲೂ ಅದೇ ಸಿಂಹಗಳಿವೆ.

ಹೊರದೇಶದಲ್ಲಿ ಖರ್ಚಾಗುವ ನಮ್ಮ ದುಡ್ಡಿನ ಕಥೆ ಇಂದಿನದಲ್ಲ. ಕಂಪೆನಿ ಸರಕಾರ ಹೋಗಿ ರಾಣಿಯ ಸರಕಾರ ಬಂದಾಗ ಲಂಡನ್ನಿನ ಇಂಡಿಯಾ ಆಫೀಸಿನ ಖರ್ಚೆಲ್ಲ ಭಾರತದ ಕಂದಾಯದ ಮೇಲೆ ಬಿತ್ತು. ಅಲ್ಲಿಯ ಮಂತ್ರಿಯ ಸಂಬಳ ಕೂಡ 1919ರ ಕಾಯಿದೆ ಬರುವವರೆಗೆ ಇಲ್ಲಿಯ ಬೊಕ್ಕಸದಿಂದಲೇ ಹೋಗುತ್ತಿತ್ತು. 1867ರಲ್ಲಿ ತುರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಅವನ ಗೌರವಕ್ಕೆಂದು ಇಂಡಿಯಾ ಆಫೀಸಿನಲ್ಲಿ ನಡೆಸಿದ ನೃತ್ಯಕೂಟದ ಬಿಲ್ಲನ್ನು ಕೂಡ ಭಾರತದ ಲೆಕ್ಕಕ್ಕೆ ಬರೆದರು. ಕುಣಿದವರು ಅಲ್ಲಿ, ಕಂದಾಯ ಕಟ್ಟಿದವರು ಇಲ್ಲಿ. ಆಗ ಆಡಿಟರ್ ಇರಲಿಲ್ಲವೆಂದು ತಿಳಿಯಬೇಡಿ. ಲಂಡನ್ನಿನಲ್ಲಿ ನಡೆಯುವ ಭಾರತದ ಲೆಕ್ಕಗಳಿಗೆ ಆಡಿಟರನ್ನು ನೇಮಿಸಬೇಕೆಂದು 1858ರ ಕಾಯಿದೆಯಲ್ಲಿಯೇ ಬರೆದಿತ್ತು. ಆಡಿಟರ್ ಇದ್ದ. ದುಡ್ಡು ಕೊಟ್ಟವನು ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಇದನ್ನು ನೆನಪಿನಲ್ಲಿಡಿ, ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? ಸಂವಿಧಾನದ 148ರಿಂದ 151ರವರೆಗಿನ ವಿಧಿಗಳಲ್ಲಿ ಮಹಾಲೆಕ್ಕಪರಿಶೋಧಕರ ಹುದ್ದೆಯನ್ನು ಬರೆದರು. ಸಿ.ಎ.ಜಿ. ಎಂದು ಪತ್ರಿಕೆಗಳಲ್ಲಿ ಬರುವುದು ಇವರೇ. ಸರಕಾರ ಇವರನ್ನು ಮನಸ್ಸು ಬಂದಂತೆ ತೆಗೆದುಹಾಕುವಂತಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೆ ಇರುವ ರಕ್ಷಣೆಯೇ ಇವರಿಗೂ ಇದೆ. ಇವರ ವರದಿ ರಾಷ್ಟ್ರಪತಿಗೆ ಹೋಗಿ ಅಲ್ಲಿಂದ ಪಾರ್ಲಿಮೆಂಟಿನ ಮೇಜಿಗೆ ಬರಬೇಕು. 1971ರಲ್ಲಿ ಇವರ ಅಧಿಕಾರಗಳಿಗೆ ಬೇರೆಯೇ ಕಾಯಿದೆ ಆಯಿತು. ವಿದೇಶಗಳಲ್ಲಿರುವ ನಮ್ಮ ಕಚೇರಿಗಳೂ ಇವರ ಕೈಕೆಳಗೇ ಬರುತ್ತವೆ. ದಶಕಗಳ ಕಾಲ ಲಂಡನ್, ವಾಷಿಂಗ್ಟನ್, ಕ್ವಾಲಾಲಂಪುರಗಳಲ್ಲಿ ಆಡಿಟ್ ಕಚೇರಿಗಳನ್ನಿಟ್ಟು ಅಲ್ಲಿಂದ ಸುತ್ತಲಿನ ದೇಶಗಳಿಗೆ ತಂಡಗಳನ್ನು ಕಳುಹಿಸುತ್ತಿದ್ದರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕೇಳಲು ಸಾಧ್ಯವಿಲ್ಲ.

ಈ ಏರ್ಪಾಡಿಗೆ ಬಂದ ಮೊದಲನೆಯ ದೊಡ್ಡ ಪರೀಕ್ಷೆ ಒಂದು ರಾಯಭಾರ ಕಚೇರಿಯ ಲೆಕ್ಕದಿಂದಲೇ ಬಂತು ಎಂಬುದನ್ನು ನಮ್ಮ ಯುವಕರಿಗೆ ಯಾರೂ ಹೇಳಿಕೊಡುವುದಿಲ್ಲ. 1948. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು, ಸೈನ್ಯಕ್ಕೆ ಅವಸರದಲ್ಲಿ ಜೀಪುಗಳು ಬೇಕಾಗಿದ್ದವು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದವರು ಮಲಬಾರಿನವರೇ ಆದ ವಿ.ಕೆ. ಕೃಷ್ಣ ಮೆನನ್. ಅವರು ಇರಬೇಕಾದ ಕ್ರಮಗಳನ್ನೆಲ್ಲ ಬದಿಗಿಟ್ಟು ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದರು. ದುಡ್ಡಿನ ದೊಡ್ಡ ಪಾಲು ಮುಂಗಡವಾಗಿ ಹೋಯಿತು. ಬಂದದ್ದು 155 ಜೀಪುಗಳು, ಅವೂ ಸೈನ್ಯದ ಕೆಲಸಕ್ಕೆ ಯೋಗ್ಯವಲ್ಲ ಎಂಬ ಆಕ್ಷೇಪ ಎದ್ದಿತು. 80 ಲಕ್ಷ ಅಂದರೆ ಆ ಕಾಲದ 80 ಲಕ್ಷ! ರೇಷನ್ ಅಂಗಡಿಯ ಮುಂದೆ ಅಕ್ಕಿಗಾಗಿ ಸಾಲು ನಿಂತಿದ್ದ ದೇಶದ 80 ಲಕ್ಷ.

ವಿ. ನರಹರಿ ರಾವ್ ಆಗ ಸ್ವತಂತ್ರ ಭಾರತದ ಮೊದಲನೆಯ ಮಹಾಲೆಕ್ಕಪರಿಶೋಧಕರು. ಆಡಿಟ್ ತನ್ನ ಕೆಲಸ ಮಾಡಿತು, ವ್ಯವಹಾರ ಹೊರಗೆ ಬಂತು. ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿ ಬರೆಯಿತು. ಅನಂತಶಯನಂ ಅಯ್ಯಂಗಾರರ ನೇತೃತ್ವದ ಸಮಿತಿಯೂ ವಿಚಾರಣೆ ಬೇಕೆಂದಿತು. ಏನು ಫಲ? 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು, ಸರಕಾರದ ಮಟ್ಟಿಗೆ ಈ ವಿಷಯ ಮುಗಿಯಿತು, ತೃಪ್ತಿಯಿಲ್ಲದವರು ಇದನ್ನು ಚುನಾವಣೆಯ ವಿಷಯ ಮಾಡಿಕೊಳ್ಳಬಹುದು ಎಂಬರ್ಥದ ಮಾತು ಹೇಳಿ ಫೈಲು ಮುಚ್ಚಿದರು. 1956ರ ಫೆಬ್ರವರಿಯಲ್ಲಿ ಮೆನನ್ ಕೇಂದ್ರ ಮಂತ್ರಿಯಾದರು. ಅನಂತರ ಅದೇ ಸೈನ್ಯದ ಮಂತ್ರಿ.

ಮೆನನ್ ತಮ್ಮ ಜೇಬಿಗೆ ಒಂದು ಕಾಸು ಹಾಕಿಕೊಂಡರೆಂದು ಯಾರೂ ಸಾಬೀತು ಮಾಡಿಲ್ಲ. ಅದನ್ನು ಹೇಳುವುದು ನ್ಯಾಯ. ಆದರೆ ನನ್ನ ಪ್ರಶ್ನೆ ಅವರ ಜೇಬಿನದಲ್ಲ. ಆಡಿಟರ್ ಕಂಡುಹಿಡಿದ, ಸಮಿತಿ ಬರೆಯಿತು, ಪತ್ರಿಕೆಗಳು ಕೂಗಿದವು, ಆದರೂ ಒಂದು ಮಂತ್ರಿಯ ಮಾತಿಗೆ ಎಲ್ಲವೂ ಮುಚ್ಚಿಹೋಯಿತಲ್ಲ, ಅದು ಪ್ರಶ್ನೆ. ವರದಿ ಕಪಾಟಿನಲ್ಲಿ ಭದ್ರವಾಗಿ ಇದೆ. ಅದರ ಬೆನ್ನಿಗೆ ನಿಲ್ಲುವ ಜನ ಇಲ್ಲದಿದ್ದರೆ ಅತ್ಯುತ್ತಮ ಆಡಿಟರ್ ಕೂಡ ಗುಮಾಸ್ತನೇ.

ಈಗ ಆಡಿಟ್ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ. ಇಲ್ಲಿಯೇ ಹೂರಣ ಇರುವುದು.

ನಮ್ಮ ರಾಯಭಾರ ಕಚೇರಿ, ಕಾನ್ಸುಲೇಟುಗಳು ಎಲ್ಲ ಸೇರಿ ಇನ್ನೂರರ ಆಸುಪಾಸು ಇವೆ. ಪ್ರತಿಯೊಂದರಲ್ಲಿ ಚಾನ್ಸರಿಯ ಮುಖ್ಯಸ್ಥ ಎಂಬ ಅಧಿಕಾರಿ ಇರುತ್ತಾನೆ, ಅವನ ಕೈಕೆಳಗೆ ಲೆಕ್ಕದವನು. ತಿಂಗಳಿಗೊಮ್ಮೆ ಕ್ಯಾಷ್ ಅಕೌಂಟು ವೋಚರುಗಳ ಸಮೇತ ದೆಹಲಿಗೆ ಹೋಗುತ್ತದೆ. ಆಡಿಟ್ ತಂಡ ಪ್ರತಿಯೊಂದು ಕಚೇರಿಗೂ ಪ್ರತಿ ವರ್ಷ ಹೋಗುವುದಿಲ್ಲ. ಹೋದಲ್ಲಿಯೂ ಕೆಲವು ದಿನ ಕೂತು ಕೆಲವು ವೋಚರುಗಳನ್ನು ಆರಿಸಿ ನೋಡುತ್ತದೆ. ಅನ್ನ ಬೆಂದಿತೋ ಇಲ್ಲವೋ ಎಂದು ಒಂದಗುಳು ಹಿಸುಕಿ ನೋಡಿದ ಹಾಗೆ. ಸಂಶಯ ಬಂದರೆ ಕಾಗದದ ಎಡ ಅರ್ಧದಲ್ಲಿ ಪ್ರಶ್ನೆ ಬರೆದು ಬಲ ಅರ್ಧವನ್ನು ಉತ್ತರಕ್ಕೆ ಖಾಲಿ ಬಿಡುತ್ತಾರೆ. ಹಾಫ್ ಮಾರ್ಜಿನ್ ಎಂದು ಸರಕಾರಿ ಕಚೇರಿಯಲ್ಲಿ ದುಡಿದವರಿಗೆಲ್ಲ ಗೊತ್ತು. ಉತ್ತರ ಸರಿಯಿಲ್ಲದಿದ್ದರೆ ತಪಾಸಣಾ ವರದಿ. ಅದರಲ್ಲಿ ದೊಡ್ಡವು ದೆಹಲಿಗೆ, ಅವುಗಳಲ್ಲಿಯೂ ಬಹಳ ದೊಡ್ಡವು ಮಾತ್ರ ಅಚ್ಚಾಗಿ ಪಾರ್ಲಿಮೆಂಟಿಗೆ. ಇಷ್ಟಾಗುವಾಗ ವರ್ಷಗಳು ಕಳೆದಿರುತ್ತವೆ. ಸಹಿ ಹಾಕಿದ ಅಧಿಕಾರಿ ಇನ್ನೊಂದು ದೇಶಕ್ಕೆ, ಅಲ್ಲಿಂದ ಮತ್ತೊಂದು ದೇಶಕ್ಕೆ ವರ್ಗವಾಗಿ ಹೋಗಿರುತ್ತಾನೆ.

ಆ ವರದಿಗಳಲ್ಲಿ ಏನಿರುತ್ತದೆ? ಕಟ್ಟಡ ಕಟ್ಟಲು ಜಾಗ ಕೊಂಡು ವರ್ಷಗಟ್ಟಲೆ ಒಂದು ಕಲ್ಲೂ ಇಡದೆ, ಪಕ್ಕದ ಬೀದಿಯಲ್ಲಿ ಬಾಡಿಗೆ ಕೊಡುತ್ತ ಕೂತ ಕಥೆಗಳಿರುತ್ತವೆ. ಮಂಜೂರಾದ ಸಂಖ್ಯೆಗಿಂತ ಹೆಚ್ಚು ಜನರನ್ನು ಸ್ಥಳೀಯವಾಗಿ ನೇಮಿಸಿಕೊಂಡ ಕಥೆಗಳಿರುತ್ತವೆ. ವೀಸಾ ಫೀಸನ್ನು ಅಲ್ಲಿಯ ನಾಣ್ಯಕ್ಕೆ ಬದಲಿಸುವ ದರವನ್ನು ಕಾಲಕಾಲಕ್ಕೆ ತಿದ್ದದೆ ಬೊಕ್ಕಸಕ್ಕೆ ನಷ್ಟವಾದ ಕಥೆಗಳಿರುತ್ತವೆ. ಇವು ಬೇಕು. ಇವನ್ನು ಬರೆಯುವ ಆಡಿಟರುಗಳ ಮೇಲೆ ನನಗೆ ಗೌರವವಿದೆ.

ಆದರೆ ಒಂದು ವಿಷಯ ನೋಡಿ. ಈ ಪ್ರಶ್ನೆಗಳೆಲ್ಲ ಖರ್ಚಾದ ದುಡ್ಡಿನ ಬಗ್ಗೆ, ಅಥವಾ ಬರಬೇಕಾಗಿ ಬಾರದ ದುಡ್ಡಿನ ಬಗ್ಗೆ. ಕೊಡಬೇಕಾಗಿ ಕೊಡದ ದುಡ್ಡಿನ ಬಗ್ಗೆ ಯಾವ ವೋಚರು ಮಾತನಾಡುತ್ತದೆ? ಸಂಬಳ ಸಿಗದ ಒಬ್ಬ ಬಡಗಿ ಕಾನ್ಸುಲೇಟಿನ ಬಾಗಿಲಿಗೆ ಬಂದು ಟಿಕೆಟು ಕೇಳುತ್ತಾನೆ ಎಂದು ಇಟ್ಟುಕೊಳ್ಳಿ. ಅಧಿಕಾರಿ ಕನಿಕರಪಟ್ಟು, ಎಲ್ಲ ಕಾಗದ ಕೂಡಿಬರುವ ಮೊದಲೇ ಟಿಕೆಟು ಕೊಡುತ್ತಾನೆ. ಮುಂದಿನ ವರ್ಷ ಆಡಿಟರ್ ಬಂದು ಕೇಳುತ್ತಾನೆ: ಇವನು ನಿಜವಾಗಿ ಗತಿಯಿಲ್ಲದವನೆಂದು ತೋರಿಸುವ ದಾಖಲೆ ಎಲ್ಲಿ? ಅಧಿಕಾರಿ ಹಾಫ್ ಮಾರ್ಜಿನ್ನಿಗೆ ಉತ್ತರ ಬರೆಯುತ್ತ ಕೂರಬೇಕು. ಇನ್ನೊಬ್ಬ ಅಧಿಕಾರಿ ಅದೇ ಬಡಗಿಯನ್ನು “ನಾಳೆ ಬಾ” ಎಂದು ಹತ್ತು ಸಲ ತಿರುಗಿಸುತ್ತಾನೆ. ಬಡಗಿ ಸಾಲ ಮಾಡಿ ಊರಿಗೆ ಹೋಗುತ್ತಾನೆ, ಇಲ್ಲವೇ ಅಲ್ಲಿಯೇ ಕದ್ದುಮುಚ್ಚಿ ದುಡಿಯುತ್ತಾನೆ. ಈ ಎರಡನೆಯ ಅಧಿಕಾರಿಯ ಪುಸ್ತಕದಲ್ಲಿ ಏನೂ ಬರೆದಿಲ್ಲ. ಬರೆಯದ್ದಕ್ಕೆ ಆಕ್ಷೇಪವೂ ಇಲ್ಲ. ಅವನ ಲೆಕ್ಕ ಶುದ್ಧ!

ಕೊಟ್ಟವನಿಗೆ ಪ್ರಶ್ನೆ, ಕೊಡದವನಿಗೆ ಶಹಬ್ಬಾಸ್. ಇಂಥ ಆಡಿಟ್ ಹತ್ತು ವರ್ಷ ನಡೆದರೆ ಕಚೇರಿಯಲ್ಲಿ ಎಂಥ ಅಧಿಕಾರಿಗಳು ಬೆಳೆಯುತ್ತಾರೆ ಎಂದು ನೀವೇ ಹೇಳಿ. ಆದುದರಿಂದಲೇ ಕಲ್ಯಾಣ ನಿಧಿಯಲ್ಲಿ ನೂರಾರು ಕೋಟಿ ರೂಪಾಯಿ ಖರ್ಚಾಗದೆ ಉಳಿದದ್ದು ಪಾರ್ಲಿಮೆಂಟಿನಲ್ಲಿ ಮಂತ್ರಿಗಳು ಕೊಟ್ಟ ಉತ್ತರಗಳಲ್ಲಿಯೇ ಕಾಣುತ್ತದೆ. ಕಷ್ಟವೇ ಇಲ್ಲದೆ ದುಡ್ಡು ಉಳಿದಿದ್ದರೆ ದೇವರಿಗೆ ಸ್ತೋತ್ರ ಹೇಳಬಹುದಿತ್ತು. ಕಷ್ಟ ಇಲ್ಲವೇ?

2016ರ ಜುಲೈ, ಆಗಸ್ಟ್ ತಿಂಗಳುಗಳನ್ನು ನೆನಪು ಮಾಡಿಕೊಳ್ಳಿ. ಎಣ್ಣೆಯ ಬೆಲೆ ಬಿದ್ದು ಸೌದಿಯ ದೊಡ್ಡ ಕಟ್ಟಡ ಕಂಪೆನಿಗಳು ಬಿಲ್ಲು ಪಾವತಿಯಾಗದೆ ಕೈಯೆತ್ತಿದವು. ಸೌದಿ ಓಜೆ ಎಂಬ ಕಂಪೆನಿಯ ಜಿದ್ದಾ ಕಡೆಯ ಕ್ಯಾಂಪುಗಳಲ್ಲಿ ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಕೊನೆಗೆ ಊಟವೂ ಇಲ್ಲದೆ ಉಳಿದರು. ಕ್ಯಾಂಪಿನ ಮೆಸ್ಸು ಮುಚ್ಚಿದ ಮೇಲೆ ಕಾನ್ಸುಲೇಟಿನವರೂ ಅಲ್ಲಿಯ ಭಾರತೀಯರೂ ಸೇರಿ ಅಕ್ಕಿ, ಬೇಳೆ, ಎಣ್ಣೆ ಹಂಚಿದರು. ವಿದೇಶಾಂಗ ಮಂತ್ರಿ ಸುಷ್ಮಾ ಸ್ವರಾಜ್ ತಾವೇ ಮುಂದೆ ನಿಂತು ಆದೇಶ ಕೊಟ್ಟರು, ವಿ.ಕೆ. ಸಿಂಗ್ ಅಲ್ಲಿಗೆ ಹೋದರು. ಅಂದು ದೂತಾವಾಸ ದೂತಾವಾಸದಂತೆ ನಡೆದುಕೊಂಡಿತು, ಇಲ್ಲವೆನ್ನುವುದಿಲ್ಲ. ಆದರೆ ಮಂತ್ರಿಯೊಬ್ಬರು ದೆಹಲಿಯಿಂದ ಕೂಗಬೇಕಾಯಿತು. ಹಸಿವು ಪತ್ರಿಕೆಯ ಮೊದಲ ಪುಟಕ್ಕೆ ಬರುವವರೆಗೆ ನಿಧಿಯ ಬೀಗ ಸಲೀಸಾಗಿ ತೆರೆಯಲಿಲ್ಲ. ಮರುವರ್ಷ ಆ ಕಂಪೆನಿಯೇ ಮುಚ್ಚಿತು. ಸರ್ವಿಸಿನ ಹಣ ಬರಬೇಕಾದ ಎಷ್ಟೋ ಮಂದಿ ಬರಿಗೈಯಲ್ಲಿ ಬಂದರು.

ಮತ್ತೆ 2020. ಕೊರೋನಾ. ಮೇ 7ರಿಂದ ವಂದೇ ಭಾರತ್ ಎಂಬ ಹೆಸರಿನಲ್ಲಿ ವಿಮಾನಗಳು ಹೊರಟವು. ದೊಡ್ಡ ಉಪಕಾರವೆಂದು ಡಂಗುರ ಸಾರಿದರು. ಟಿಕೆಟಿನ ದುಡ್ಡು ಯಾರು ಕೊಟ್ಟರು? ಹತ್ತಿದವನೇ. ದುಬೈಯಿಂದ ಕೊಚ್ಚಿಗೆ ಸುಮಾರು 15,000 ರೂಪಾಯಿ. ಮಾರ್ಚಿನಿಂದ ಕೆಲಸವಿಲ್ಲದೆ ಎಂಟು ಮಂದಿ ಮಲಗುವ ಕೋಣೆಯಲ್ಲಿ ಕೂತವನ ಹತ್ತಿರ 15,000 ಎಲ್ಲಿಂದ ಬರಬೇಕು? ಗತಿಯಿಲ್ಲದವರಿಗೆ ಕಲ್ಯಾಣ ನಿಧಿಯಿಂದ ಟಿಕೆಟು ಕೊಡಬಹುದೆಂದು ನಿಯಮದಲ್ಲಿ ಇದ್ದೇ ಇತ್ತು. ನಿಯಮ ಇತ್ತು, ನಿಧಿ ಇತ್ತು, ಸಾಲುಗಟ್ಟಿ ನಿಂತ ಜನರಿದ್ದರು. ಆದರೂ ಆ ನಿಧಿಯಿಂದ ಟಿಕೆಟು ಕೊಡಿಸಿ ಎಂದು ಕೇಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತಾನೇ ಕಟ್ಟಿದ ಚೀಟಿಯ ದುಡ್ಡಿಗೆ ತಾನೇ ದಾವೆ ಹೂಡುವುದು!

ನಿಯಮಗಳ ಮಾತು ಬಂತು. 2017ರ ಸೆಪ್ಟೆಂಬರಿನಲ್ಲಿ ಈ ನಿಧಿಯ ನಿಯಮಗಳನ್ನು ಹೊಸದಾಗಿ ಬರೆದರು. ವ್ಯಾಪ್ತಿಯನ್ನು ಹಿಗ್ಗಿಸಿದರು, ಒಳ್ಳೆಯದಾಯಿತು ಎಂದು ಎಲ್ಲರೂ ಹೇಳಿದರು. ಮೂರು ತಲೆಬರಹಗಳು. ಮೊದಲನೆಯದು, ಕಷ್ಟದಲ್ಲಿರುವ ಭಾರತೀಯರಿಗೆ ನೆರವು. ಎರಡನೆಯದು, ಸಮುದಾಯದ ಕಲ್ಯಾಣ ಕಾರ್ಯಗಳು. ಮೂರನೆಯದು, ಕಾನ್ಸುಲರ್ ಸೇವೆಗಳ ಸುಧಾರಣೆ. ಮೊದಲನೆಯದಕ್ಕೆ “ಅತ್ಯಂತ ಅರ್ಹರಿಗೆ”, ಕೈಯಲ್ಲಿ ಏನಿದೆ ಎಂದು ಪರೀಕ್ಷಿಸಿ, ಎಂಬ ಬೇಲಿ ಇದೆ. ಇದು ನನಗೆ ಬಹಳ ಕುತೂಹಲದ ಸಂಗತಿ. ಹಸಿದವನು ತಾನು ಹಸಿದಿದ್ದೇನೆಂದು ಸಾಬೀತು ಮಾಡಬೇಕು. ಆದರೆ ಪಾಸ್‌ಪೋರ್ಟ್ ಕಚೇರಿಯನ್ನು ಚಂದ ಮಾಡುವುದು ಯಾರ ಕರ್ತವ್ಯ? ಅದಕ್ಕೆಂದೇ ಪಾಸ್‌ಪೋರ್ಟಿನ ಫೀಸು ಬೇರೆ ಕೊಟ್ಟಾಗಿದೆಯಲ್ಲ? ಕೂಲಿಯವನ ಆಪತ್ಕಾಲದ ಹುಂಡಿಯಿಂದ ಸರಕಾರ ತನ್ನ ಕಚೇರಿಯ ಸುಧಾರಣೆಗೆ ಕೈಹಾಕುವುದಕ್ಕೆ ದಾರಿ ಬಿಟ್ಟದ್ದು ಯಾರನ್ನು ಕೇಳಿ? ಆಡಿಟರ್ ಇದನ್ನು ನೋಡಿದರೆ ನಿಯಮದ ಪ್ರಕಾರ ಇದೆ ಎಂದು ಹಸಿರು ಶಾಯಿಯಲ್ಲಿ ಟಿಕ್ ಹಾಕುತ್ತಾನೆ. ಅವನ ತಪ್ಪಲ್ಲ. ನಿಯಮವೇ ಹಾಗಿದೆ. ಸುಲ್ತಾನನ ನೃತ್ಯಕೂಟವೂ ಯಾವುದೋ ನಿಯಮದಡಿಯಲ್ಲಿಯೇ ನಡೆದದ್ದು.

ಇದು ಎಂಬೆಸಿಗಳ ರೋಗ ಮಾತ್ರ ಎಂದು ತಿಳಿಯಬೇಡಿ. ಕೂಲಿಯವನ ಹೆಸರಿನಲ್ಲಿ ಕೂಡಿದ ದುಡ್ಡೆಲ್ಲ ಹೀಗೆಯೇ ಕೂಡಿಕೊಂಡು ಕೂರುತ್ತದೆ. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯಿದೆಯಡಿ ಸಂಗ್ರಹಿಸಿದ ಸೆಸ್ಸಿನ ಗತಿಯನ್ನು 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಎತ್ತಿ ತೋರಿಸಿತು. ಕೂಡಿದ್ದು 37,400 ಕೋಟಿಗೂ ಹೆಚ್ಚು, ಖರ್ಚಾದದ್ದು ಸುಮಾರು 9,500 ಕೋಟಿ. ಉಳಿದದ್ದು ಬ್ಯಾಂಕಿನಲ್ಲಿ. ಖರ್ಚಾದುದರಲ್ಲಿ ಲ್ಯಾಪ್‌ಟಾಪು, ಬಟ್ಟೆ ಒಗೆಯುವ ಮೆಷಿನು ಕೊಂಡ ಲೆಕ್ಕವೂ ಇತ್ತು. ಇಟ್ಟಿಗೆ ಹೊರುವವಳಿಗೆ ಬಟ್ಟೆ ಒಗೆಯುವ ಮೆಷಿನು! ಅದನ್ನು ಇಡಲು ಮನೆಯನ್ನೂ ಕೊಡಬೇಕಿತ್ತು. ಅಲ್ಲಿ ವ್ಯತ್ಯಾಸವೊಂದಿತ್ತು. ಕಟ್ಟಡ ಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಪಟ್ಟುಹಿಡಿದವು, ಮಹಾಲೆಕ್ಕಪರಿಶೋಧಕರ ಮಾಹಿತಿ ಅವರ ಕೈಗೆ ಆಯುಧವಾಯಿತು. ಆಡಿಟರ್ ಮತ್ತು ಸಂಘ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಗಲ್ಫಿನಲ್ಲಿರುವ ನಮ್ಮವರಿಗೆ ಸಂಘ ಕಟ್ಟುವ ಹಕ್ಕು ಹೆಚ್ಚಿನ ಕಡೆಗಳಲ್ಲಿ ಇಲ್ಲ. ಆದ್ದರಿಂದ ಅವರ ಪರವಾಗಿ ಕೇಳಬೇಕಾದವರು ಇಲ್ಲಿರುವ ನಾವೇ.

ಬೇರೆ ದೇಶಗಳಲ್ಲಿ ಹೇಗಿದೆ? ಫಿಲಿಪ್ಪೀನ್ಸನ್ನು ನೋಡಿ. ನಮ್ಮಂತೆಯೇ ಬಡ ದೇಶ, ನಮ್ಮಂತೆಯೇ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿ ಅವರ ದುಡ್ಡಿನಲ್ಲಿ ಉಸಿರಾಡುವ ದೇಶ. ಅಲ್ಲಿಂದ ಹೊರಡುವ ಕೆಲಸಗಾರರಿಗಾಗಿ ಓವ್ವಾ ಎಂಬ ಕಲ್ಯಾಣ ಸಂಸ್ಥೆ ಇದೆ. ಸದಸ್ಯತ್ವಕ್ಕೆ 25 ಡಾಲರ್. ನಮ್ಮ ಎಂಟು ದಿರ್ಹಮಿಗಿಂತ ಬಹಳ ಹೆಚ್ಚು. ಆದರೆ 2016ರಲ್ಲಿ ಅವರು ಮಾಡಿದ ಕಾಯಿದೆಯನ್ನು ನೋಡಿದರೆ, ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ನೆಲದ ಮೇಲೆ ದುಡಿಯುವವರ ಪ್ರತಿನಿಧಿಗಳಿಗೆ, ಹಡಗಿನಲ್ಲಿ ದುಡಿಯುವವರ ಪ್ರತಿನಿಧಿಗಳಿಗೆ, ಹೆಂಗಸರ ಪ್ರತಿನಿಧಿಗೆ ಕುರ್ಚಿ ಇಟ್ಟಿದ್ದಾರೆ. ಸರಕಾರಿ ಆಡಿಟ್ ಆಯೋಗ ಅದರ ಲೆಕ್ಕ ನೋಡಿ ವರ್ಷಕ್ಕೊಂದು ವರದಿ ಹೊರಗೆ ಹಾಕುತ್ತದೆ. ಅಲ್ಲಿಯ ಪತ್ರಿಕೆಗಳು ಅದನ್ನು ಹಿಡಿದು ಜಗಳವಾಡುತ್ತವೆ. ಅಲ್ಲಿ ಕಳ್ಳತನವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಜಗಳವಾಡುವುದಕ್ಕೆ ಅವರ ಕೈಯಲ್ಲಿ ಏನೋ ಇದೆ ಎನ್ನುತ್ತೇನೆ. ನಮ್ಮಲ್ಲಿ ನಿಧಿಯ ಕೀಲಿ ರಾಯಭಾರಿಯ ಕೈಯಲ್ಲಿ. ದುಡ್ಡು ಕಟ್ಟಿದವನಿಗೆ ಕುರ್ಚಿ ಇಲ್ಲ, ಬೆಂಚೂ ಇಲ್ಲ.

ಹೊರದೇಶದ ಮಾದರಿ ಬೇಡವೆನ್ನುವವರಿಗೆ ನಮ್ಮ ಹಳ್ಳಿಯದೇ ಮಾದರಿ ಇದೆ. 2005ರ ಉದ್ಯೋಗ ಖಾತರಿ ಕಾಯಿದೆಯ 17ನೆಯ ಕಲಮಿನಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆ ಎಂಬುದನ್ನು ಬರೆದಿದ್ದರು. ಕೆರೆ ತೋಡಿದವರ ಹಾಜರಿ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಓದಿದ ಕೂಡಲೆ ಹಿಂದಿನಿಂದ ಯಾವಳೋ ಅಜ್ಜಿ ಎದ್ದುನಿಂತು “ಅವನು ಸತ್ತು ಮೂರು ವರ್ಷ ಆಯಿತಲ್ಲ ಸ್ವಾಮೀ” ಎನ್ನುತ್ತಾಳೆ. ದೆಹಲಿಯಿಂದ ಬಂದ ಆಡಿಟರಿಗೆ ಅದು ಹತ್ತು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಅಜ್ಜಿಗೆ ಅಕ್ಷರ ಬರುವುದಿಲ್ಲ, ಲೆಕ್ಕ ಬರುತ್ತದೆ. ಓದು ಬಾರದ ಹಳ್ಳಿಯವರಿಗೆ ಕೊಟ್ಟ ಹಕ್ಕನ್ನು ಸಮುದ್ರ ದಾಟಿದ ಕೂಡಲೆ ಏಕೆ ಕಿತ್ತುಕೊಳ್ಳುತ್ತೀರಿ? ವರ್ಷಕ್ಕೊಮ್ಮೆ, ಒಂದು ಶುಕ್ರವಾರ, ಕಾನ್ಸುಲೇಟಿನ ಅಂಗಳದಲ್ಲಿ ಕಲ್ಯಾಣ ನಿಧಿಯ ಲೆಕ್ಕವನ್ನು ಮಲಯಾಳ, ತೆಲುಗು, ತಮಿಳು, ಕನ್ನಡ, ಹಿಂದಿಗಳಲ್ಲಿ ಓದಲಿ. ಎಷ್ಟು ಮಂದಿ ಟಿಕೆಟು ಕೇಳಿದರು, ಎಷ್ಟು ಮಂದಿಗೆ ಸಿಕ್ಕಿತು, ಸಿಗದವರಿಗೆ ಯಾವ ಕಾರಣ ಹೇಳಿದರು. ಹೆಸರು ಬೇಡ, ಸಂಖ್ಯೆ ಸಾಕು. ಸ್ವಾತಂತ್ರ್ಯ ದಿನಕ್ಕೆ ಅಂಗಳದಲ್ಲಿ ಬಾವುಟ ಹಾರಿಸಲು ಜನರನ್ನು ಕರೆಯುತ್ತಾರಲ್ಲ, ಲೆಕ್ಕಕ್ಕೂ ಕರೆಯಲಿ.

ಮಹಾಲೆಕ್ಕಪರಿಶೋಧಕರನ್ನೂ ನಾವು ಒಂದು ಕೇಳಬೇಕು. ಅವರಿಗೆ ವೋಚರು ನೋಡುವ ಅಧಿಕಾರ ಮಾತ್ರವಲ್ಲ, ಯೋಜನೆಯೊಂದು ತನ್ನ ಉದ್ದೇಶವನ್ನು ಈಡೇರಿಸಿತೇ ಎಂದು ಪರೀಕ್ಷಿಸುವ ಅಧಿಕಾರವೂ ಇದೆ. ಎಷ್ಟೋ ಯೋಜನೆಗಳಲ್ಲಿ ಹಾಗೆ ಮಾಡಿದ್ದಾರೆ. ಗಲ್ಫಿನ ಕಚೇರಿಗಳಿಗೆ ಹೋದಾಗ ಕೊಟ್ಟ ಅರ್ಜಿಗಳ ಫೈಲಿನ ಜೊತೆಗೆ ತಿರಸ್ಕರಿಸಿದ ಅರ್ಜಿಗಳ ಫೈಲನ್ನೂ ತರಿಸಿಕೊಳ್ಳಲಿ. ಲೇಬರ್ ಕ್ಯಾಂಪಿಗೆ ಒಂದು ದಿನ ಹೋಗಿ ಬರಲಿ.

ಇನ್ನು ನಮ್ಮ ಕೆಲಸ. ವಿದೇಶಾಂಗ ಮಂತ್ರಾಲಯವೂ ಅದರ ಹೊರದೇಶದ ಕಚೇರಿಗಳೂ 2005ರ ಮಾಹಿತಿ ಹಕ್ಕು ಕಾಯಿದೆಯ ಒಳಗೇ ಇವೆ. ಹತ್ತು ರೂಪಾಯಿ ಫೀಸು. ಹೊರದೇಶದಲ್ಲಿರುವವರು ಕೂಡ ಅಂಚೆ ಇಲಾಖೆಯ ಇ-ಪೋಸ್ಟಲ್ ಆರ್ಡರಿನಿಂದ ಈ ಫೀಸು ಕಟ್ಟಲು 2013ರಿಂದ ಸಾಧ್ಯವಿದೆ. ಕನ್ನಡದಲ್ಲಿ ಬರೆದರೆ ದೆಹಲಿಯಲ್ಲಿ ಓದುವವರು ಸಿಗಲಿಕ್ಕಿಲ್ಲ, ಇಂಗ್ಲಿಷಿನಲ್ಲಿಯೇ ಬರೆಯಿರಿ. ಬರೆಯಲು ಬರುವ ಹುಡುಗರು ಪ್ರತಿ ಊರಿನಲ್ಲಿದ್ದಾರೆ. ಕಾಸರಗೋಡು, ಮಂಜೇಶ್ವರದ ಕಡೆ ಗಲ್ಫಿಗೆ ಹೋಗದವರಿಲ್ಲದ ಮನೆ ಹುಡುಕುವುದು ಕಷ್ಟ. ಗೋವೆಯಲ್ಲಿಯೂ ಹಾಗೆಯೇ. ನಮ್ಮ ಪಾರ್ಲಿಮೆಂಟ್ ಸದಸ್ಯರು ವೋಟು ಕೇಳಲು ಬಂದಾಗ ರೈಲಿನ ಸ್ಟಾಪು ಕೇಳುತ್ತೇವೆ, ರಸ್ತೆ ಕೇಳುತ್ತೇವೆ. ಕಲ್ಯಾಣ ನಿಧಿಯ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಿ ಎಂದು ಒಬ್ಬರಾದರೂ ಕೇಳಿದ್ದೇವೆಯೇ?

ಕೇಳಬೇಕಾದ್ದನ್ನು ಇಲ್ಲಿ ಬರೆದಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ. ದುಬೈ, ಅಬುಧಾಬಿ, ರಿಯಾದ್, ಜಿದ್ದಾ, ಕುವೈತ್, ದೋಹಾ, ಮಸ್ಕತ್, ಮನಾಮ, ಈ ಎಂಟು ಕಚೇರಿಗಳಲ್ಲಿ ಕಳೆದ ಐದು ವರ್ಷ ಕಲ್ಯಾಣ ನಿಧಿಗೆ ಬಂದದ್ದು ಎಷ್ಟು, ಮೂರು ತಲೆಬರಹಗಳಲ್ಲಿ ಪ್ರತಿಯೊಂದರ ಕೆಳಗೆ ಹೋದದ್ದು ಎಷ್ಟು, ವರ್ಷದ ಕೊನೆಗೆ ಉಳಿದದ್ದು ಎಷ್ಟು, ಉಳಿದದ್ದು ಯಾವ ಬ್ಯಾಂಕಿನಲ್ಲಿದೆ, ಬಡ್ಡಿ ಎಲ್ಲಿಗೆ ಹೋಗುತ್ತದೆ. ಊರಿಗೆ ಬರಲು ಟಿಕೆಟು ಕೇಳಿ ಬಂದ ಅರ್ಜಿಗಳೆಷ್ಟು, ತಿರಸ್ಕರಿಸಿದ್ದು ಎಷ್ಟು, ತೀರ್ಮಾನಕ್ಕೆ ಹಿಡಿದ ದಿನಗಳೆಷ್ಟು. ಕೊನೆಯ ಸಲ ಆಡಿಟ್ ತಂಡ ಬಂದದ್ದು ಯಾವ ತಾರೀಕಿಗೆ, ಅವರು ಬರೆದ ಆಕ್ಷೇಪಗಳಲ್ಲಿ ಉತ್ತರ ಕೊಡದೆ ಉಳಿದವು ಎಷ್ಟು. ಅರ್ಜಿ ತಲುಪಿದ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಬಂದ ಉತ್ತರದ ನಕಲನ್ನು ಈ ಪತ್ರಿಕೆಗೆ ಕಳುಹಿಸಿ, ಬಂದ ಹಾಗೆಯೇ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅರ್ಜಿಯ ತಾರೀಕನ್ನು ಕಳುಹಿಸಿ, ಅದನ್ನೂ ಹಾಕುತ್ತೇವೆ.